ಮನೆಯವರೇ ಇಟ್ಟುಕೊಳ್ಳದ ಕಾರು

“ಸೀಟಿನ ಸಂದಿಯೂ ಉಜ್ಜು ಮಾರಾಯ್ತಿ. ಬಿಸ್ಕೆಟಿನ ಚೂರು ಕಂಡ್ರೆ ಕಾರು ನೋಡ್ಲಿಕ್ಕೆ ಬರುವವ್ರು ಎಂತ ಹೇಳಿಯಾರು?” ವಿಮಲಾ ಬಾಲ್ಕನಿಯಿಂದ ಕೂಗಿದಳು.

ಪೂಜಿತಾ ತಲೆಯೆತ್ತದೆ ಒದ್ದೆ ಬಟ್ಟೆಯನ್ನು ಹಿಂದಿನ ಸೀಟಿನ ಸಂದಿಗೆ ತೂರಿಸಿದಳು. ವಿಮಲಾ ಅವಳ ಗಂಡ ವಾಸುವಿನ ಅತ್ತಿಗೆ. ಡೊಂಬಿವಲಿಯ ಪೂಜಿತಾಳ ಒಂದು ಕೋಣೆಯ ಮನೆಯಲ್ಲಿರುವ ಫ್ರಿಜ್ಜು, ಮಂಚ, ಮಿಕ್ಸಿ, ಹಬ್ಬಕ್ಕೆ ಉಡುವ ಸೀರೆ ಕೂಡ ವಿಮಲಾಳಿಗೆ ಸಾಕಾದ ಮೇಲೆ ಬಂದವು. ಪ್ರತಿಸಲವೂ ಪೂಜಿತಾ ಇನ್ನು ಇಂಥದ್ದು ಬೇಡವೆಂದುಕೊಳ್ಳುತ್ತಿದ್ದಳು. ಆದರೂ ಈ ನೀಲಿ ಕಾರು ಹಾಗೆಯೇ ಬರುತ್ತದೆಂದು ಅವಳು ಮಳೆಗಾಲದಿಂದ ಕಾದಿದ್ದಳು. ವಿಮಲಾಳ ಗಂಡ, ಭಾವ ಹರಿಶ್ಚಂದ್ರ, ಥಾಣೆ ಪೇಟೆಯಿಂದ ದೊಡ್ಡ ಬಿಳಿ ಕಾರು ತಂದ. ಅದೂ ಯಾರೋ ಓಡಿಸಿದ್ದೇ, ಆದರೆ ಸೀಟಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಅವರ ಹೌಸಿಂಗ್ ಸೊಸೈಟಿಯಲ್ಲಿ ಮನೆಗೆ ಒಂದೇ ಕಾರಿಗೆ ಜಾಗ. ನೀಲಿ ಕಾರನ್ನು ಮಾರುವುದೆಂದಾಯಿತು. ವಾಸುವನ್ನು ಯಾರೂ ಕೇಳಲಿಲ್ಲ. “ಅವನಿಗೆ ಕಾರು ಎಂತಕ್ಕೆ? ರಿಕ್ಷಾ ಇಲ್ವಾ?” ಎಂದು ವಿಮಲಾ ನಕ್ಕಿದ್ದಳು.

ಕೊಳ್ಳುವವರು ಬದಲಾಪುರದಿಂದ ಬಂದರು. ಶಂಭು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕ್ಯಾಂಟೀನ್ ನಡೆಸುವವನು, ಊರು ಉಡುಪಿಯ ಕಡೆ. ಅವನು ಹರಿಶ್ಚಂದ್ರನೊಡನೆ ಬಾನೆಟ್ ಎತ್ತಿ ನೋಡುತ್ತಿರುವಾಗ ಅವನ ಹೆಂಡತಿ ಮಾನಸಿ ಮುಂದಿನ ಸೀಟಿನಲ್ಲಿ ಕುಳಿತಳು. ಪೂಜಿತಾಳಷ್ಟೇ ವಯಸ್ಸು. ಕಿಟಕಿ ಇಳಿಸಿದಳು, ಏರಿಸಿದಳು. ಕನ್ನಡಿ ತನ್ನ ಕಡೆ ತಿರುಗಿಸಿ ಹಣೆಯ ಬೊಟ್ಟು ಸರಿಮಾಡಿಕೊಂಡಳು. ಪೂಜಿತಾ ಒಮ್ಮೆಯೂ ಅಲ್ಲಿ ಕುಳಿತಿರಲಿಲ್ಲ. ಅವಳದು ಯಾವಾಗಲೂ ಹಿಂದೆ, ತೊಡೆಯ ಮೇಲೆ ವಿಮಲಾಳ ಮಗ.

“ಗಾಡಿ ಲಾಯ್ಕ್ ಉಂಟಲ್ಲ,” ಮಾನಸಿ ದನಿ ತಗ್ಗಿಸಿದಳು. “ಮತ್ತೆ ಮನೆಯವ್ರೇ ಯಾಕೆ ಇಟ್ಕೊಳ್ಳಿಲ್ಲ? ನಿಮ್ಮ ಯಜಮಾನ್ರಿಗೆ ಬೇಡ್ವಾ?”

ಪೂಜಿತಾಳ ಕಿವಿ ಬಿಸಿಯಾಯಿತು.

“ಬ್ರೇಕ್ ಸರಿ ಇಲ್ಲ,” ಅಂದಳು. ಮುಂದಿನದು ತಾನಾಗಿಯೇ ಬಂತು. “ನಮ್ಮವ್ರು ಭಾವನ ಮನೆಗೆ ತರಕಾರಿ ತರ್ಲಿಕ್ಕೆ ಇದನ್ನ ಓಡಿಸ್ತಾರಲ್ಲ, ಅವ್ರೇ ಹೇಳಿದ್ದು. ನಾನು ಹೇಳಿದೆ ಅಂತ ಹೇಳ್ಬೇಡಿ.”

ಮಾನಸಿ ಇಳಿದು ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಶಂಭು ಬಾನೆಟ್ ಮುಚ್ಚಿದ.

“ಬ್ರೇಕ್ ಹಿಡಿಯುದಿಲ್ಲವಂತಲ್ಲ ಹರಿಶ್ಚಂದ್ರಣ್ಣ? ನಿಮ್ಮ ತಮ್ಮನೇ ಹೇಳಿದ್ದಂತೆ. ನಮ್ಮೂರಿನವ್ರು ಅಂತ ನಂಬಿ ಬಂದದ್ದು ನಾವು.”

ಚಹಾ ಕೊಟ್ಟರೂ ಕುಡಿಯದೆ ಅವರು ಹೊರಟುಹೋದರು. ಇನ್ನು ಕಾರು ನಮಗೇ, ಭಾವ ಈಗ ಕೀಲಿಕೈ ಕೊಡುತ್ತಾನೆ ಎಂದು ಪೂಜಿತಾ ಅವನ ಕೈಯನ್ನೇ ನೋಡುತ್ತಿದ್ದಳು. ಚಹಾದ ಲೋಟಗಳನ್ನು ಹಿಡಿದೇ ನಿಂತಿದ್ದ ವಾಸು ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು.

“ಹೌದಾ ವಾಸು?” ಹರಿಶ್ಚಂದ್ರ ಕೇಳಿದ.

“ಹೌದಣ್ಣ,” ವಾಸು ತಡೆದು ಹೇಳಿದ. “ಒಮ್ಮೊಮ್ಮೆ ಹಿಡಿಯುದಿಲ್ಲ.”

“ಮತ್ತೆ ನನ್ನತ್ರ ಒಂದು ಮಾತು ಹೇಳಿಲ್ಲ? ಮಗನನ್ನ ಇಷ್ಟು ದಿನ ಇದ್ರಲ್ಲೇ ಶಾಲೆಗೆ ಬಿಟ್ಟದ್ದು ನಾನು. ಅವ ನಿಂಗೆ ಏನೂ ಅಲ್ವಾ?”

ವಾಸು ಲೋಟಗಳನ್ನು ಮೆಟ್ಟಿಲ ಮೇಲಿಟ್ಟ. ಹರಿಶ್ಚಂದ್ರ ಜೇಬಿನಿಂದ ಕೀಲಿಕೈ ತೆಗೆದ. “ಕೊಂಡೋಗು. ನಾಕಾ ಸರ್ಕಲಿನ ಗ್ಯಾರೇಜಿಗೆ ಹಾಕು, ನಾಳೆ ಡೀಲರ್ ಬಂದು ಎತ್ಕೊಂಡು ಹೋಗ್ಲಿ. ಇದು ಯಾರಿಗೂ ಬೇಡ.” ಕೀಲಿಕೈ ಎಸೆದು ಮೆಟ್ಟಿಲು ಹತ್ತಿದವನು ತಿರುಗಿ, “ಮೆಲ್ಲ ಹೋಗು,” ಅಂದ.

ವಾಸು ಒಬ್ಬನೇ ಕಾರು ಹತ್ತಿದ. ಪೂಜಿತಾಳನ್ನು ಕರೆಯಲಿಲ್ಲ. ವಿಮಲಾ ಅಷ್ಟರಲ್ಲಿ ಕೆಳಗಿಳಿದು ಅವಳ ಪಕ್ಕ ನಿಂತಿದ್ದಳು.

ಕಾರು ಗೇಟಿನ ಹತ್ತಿರ ಬರುವಾಗ ಹೂ ಮಾರುವ ಮುದುಕಿಯೊಬ್ಬಳು ಬುಟ್ಟಿ ಹೊತ್ತು ಫಕ್ಕನೆ ಅಡ್ಡ ಬಂದಳು. ಕಾರು ನಿಂತಿತು, ಒಂದು ಗೇಣೂ ಜಾರದೆ.

ವಿಮಲಾಳ ಕಣ್ಣು ಗೇಟಿನ ಕಡೆಗೇ ಇತ್ತು. ಮುದುಕಿ ಬುಟ್ಟಿ ಸರಿಮಾಡಿಕೊಂಡು ನಿಧಾನವಾಗಿ ದಾಟಿಹೋಗುವವರೆಗೂ ಕಾರಿನ ಹಿಂದಿನ ಎರಡು ದೀಪಗಳು ಕೆಂಪಗೆ ಉರಿಯುತ್ತಲೇ ಇದ್ದವು.