ಕುಪ್ಪಸಾಮಿಯವರ ಮಗ್ಗದ ಗುಂಡಿ

ಪೆರಿಯನಾಯಕನಪಾಳ್ಯಂನ ನೇಕಾರರ ಬೀದಿಯಲ್ಲಿ ಒಂದು ಸೋಮವಾರ ಬೆಳಿಗ್ಗೆ ದೊಡ್ಡ ಜಗಳ. ಎಪ್ಪತ್ತೆರಡು ವರ್ಷದ ಕುಪ್ಪಸಾಮಿಯವರು ನೆಲ ಅಗೆದು ಕೂರಿಸಿದ ತಮ್ಮ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತುಬಿಟ್ಟಿದ್ದರು. ಬಾಗಿಲಲ್ಲಿ ಗಾರೆ ಕೆಲಸದ ವೇಲುಸಾಮಿ ಮರಳು, ಸಿಮೆಂಟಿನ ಚೀಲ ಇಳಿಸಿ ನಿಂತಿದ್ದ. ಆ ಗುಂಡಿಯನ್ನು ಮುಚ್ಚಲು ಅವನನ್ನು ಕರೆಸಿದವನು ಕುಪ್ಪಸಾಮಿಯವರ ಮಗ ಸೆಂದಿಲ್.

"ಅಪ್ಪಾ, ಮೇಲಕ್ಕೆ ಬಾ. ವೇಲುಸಾಮಿ ಅಣ್ಣನಿಗೆ ಬೇರೆ ಕೆಲಸ ಇದೆ."

"ಬರಲ್ಲ. ಬೇಕಾದ್ರೆ ನನ್ನನ್ನೂ ಸೇರಿಸಿ ಮುಚ್ಚು."

"ಒಂದು ತಿಂಗಳಲ್ಲಿ ಎರಡು ಸಲ ಬಿದ್ದೆ. ಇನ್ನೊಂದು ಸಲ ಬಿದ್ದು ಸೊಂಟ ಮುರಿದ್ರೆ?"

"ಸೊಂಟ ನಂದು ತಾನೆ?"

"ಸೊಂಟ ನಿಮ್ದು, ಎಣ್ಣೆ ತಿಕ್ಕೋ ಕೈ ನಂದು," ಎಂದು ಅಡುಗೆಮನೆಯಿಂದ ಹೆಂಡತಿ ಅಂಗಮ್ಮ ಕೂಗಿದರು.

ಸೆಂದಿಲ್ ಕೆಟ್ಟ ಮಗನಲ್ಲ, ಹೆದರಿದ ಮಗ. ಎರಡು ಸಲವೂ ಅಪ್ಪ ಮಧ್ಯಾಹ್ನ ಮಗ್ಗದಿಂದ ಎದ್ದ ಕೂಡಲೇ ತಲೆ ಸುತ್ತಿ ಬಿದ್ದಿದ್ದರು. ಅವನು ಅವರನ್ನು ಒಂದು ಕ್ಲಿನಿಕ್ಕಿಗೂ ಕರೆದುಕೊಂಡು ಹೋಗಿದ್ದ. ಅಲ್ಲಿ ಡಾಕ್ಟರು ಕೇಳಿದ್ದು ಮಗನನ್ನು, ಉತ್ತರ ಕೊಟ್ಟವನೂ ಮಗನೇ. ಕಾಯಿಲೆಯವರು ಪಕ್ಕದಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕುಳಿತಿದ್ದರು. ಕೊನೆಗೆ ಎಲ್ಲರೂ ಸೇರಿ "ವಯಸ್ಸಾಯ್ತು" ಎಂದು ಮುಗಿಸಿದರು. ಎಷ್ಟು ಸಲೀಸಾದ ಮಾತು ನೋಡಿ! ಹಾಗಂದುಬಿಟ್ಟರೆ ಕಾರಣ ಹುಡುಕುವ ಕಷ್ಟವೇ ಇಲ್ಲ.

"ಈ ತರಿ ಹೋದ್ರೆ ನಾನು ಏನು ಮಾಡ್ಲಿ? ಟಿವಿ ಮುಂದೆ ಕೂತು ಚಾನಲ್ ತಿರುಗಿಸ್ಲಾ?" ಎಂದು ಕುಪ್ಪಸಾಮಿಯವರು ಲಾಳಿಯನ್ನು ಎದೆಗೆ ಒತ್ತಿಕೊಂಡರು. ತರಿ ಎಂದರೆ ಮಗ್ಗ. ಹದಿನೇಳನೇ ವಯಸ್ಸಿನಿಂದ ಅವರು ಕೂತ ಜಾಗ ಅದು.

ಆ ಹೊತ್ತಿಗೆ ಬೀದಿಯ ಆರೋಗ್ಯ ಕಾರ್ಯಕರ್ತೆ ಕೃತ್ತಿಕಾ ಬಿಪಿ ನೋಡುವ ಯಂತ್ರದೊಂದಿಗೆ ಬಂದಳು. ವಿಷಯ ಕೇಳಿ ನಕ್ಕಳು. ಆಮೇಲೆ ಚಾಪೆ ಹಾಸಿದಳು.

"ಮಾವ, ಇವತ್ತು ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡ್ಬೇಕು. ಮೇಲೆ ಬನ್ನಿ."

ಕುಪ್ಪಸಾಮಿಯವರು ವೇಲುಸಾಮಿಯನ್ನು ಅನುಮಾನದಿಂದ ನೋಡಿದರು. "ನಾನು ಎದ್ದ ಕೂಡಲೇ ಇವನು ಮರಳು ಸುರೀತಾನೆ."

"ಇಲ್ಲೀಂಗ ಅಯ್ಯಾ, ಸುರಿಯಲ್ಲ. ನೋಡಿ, ಚೀಲದ ಮೇಲೇ ಕೂತೆ," ಎಂದು ವೇಲುಸಾಮಿ ಕುಳಿತೇಬಿಟ್ಟ.

ಮಲಗಿದಾಗ ಬಿಪಿ ಸರಿಯಾಗಿತ್ತು. ಎದ್ದು ನಿಂತಾಗ ಸರ್ರನೆ ಇಳಿಯಿತು. ಕುಪ್ಪಸಾಮಿಯವರು ಓಲಾಡಿದರು, ಸೆಂದಿಲ್ ಓಡಿಬಂದು ಹಿಡಿದುಕೊಂಡ.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದ್ರಿ ಮಾವ?"

"ನೀರಾ?" ಎಂದು ಅಂಗಮ್ಮ ಹೊರಗೆ ಬಂದರು. "ಕುಳಿಗೆ ಇಳಿಯೋ ಮುಂಚೆ ಒಂದು ಕಾಫಿ. ಆಮೇಲೆ ಮಧ್ಯಾಹ್ನದ ತನಕ ಒಂದು ಹನಿ ಇಲ್ಲ. ನಾನು ಮದುವೆ ಆಗಿ ಬಂದಾಗಿಂದ ಇದೇ ಕತೆ."

ಗುಂಡಿಮಗ್ಗದವರ ಹಳೆಯ ಅಭ್ಯಾಸ ಇದು. ನೀರು ಕುಡಿದರೆ ಏಳಬೇಕು. ಪ್ರತಿ ಸಲವೂ ಗುಂಡಿಯಿಂದ ಹತ್ತಿ ಇಳಿಯುತ್ತಿದ್ದರೆ ಸೀರೆ ಮುಗಿಯುವುದು ಯಾವಾಗ? ಇಪ್ಪತ್ತರ ದೇಹ ಅದನ್ನು ತಡೆದುಕೊಳ್ಳುತ್ತದೆ, ಎಪ್ಪತ್ತರ ದೇಹ ತಡೆಯುವುದಿಲ್ಲ. ಆದರೆ ಇಷ್ಟೇ ಅಲ್ಲ ಎಂದು ಕೃತ್ತಿಕಾಳಿಗೆ ಅನ್ನಿಸಿತು. ಅಂಗಮ್ಮನವರನ್ನು ಕಾಫಿ ಮಾಡಲು ಕಳಿಸಿದಳು, ಗಂಡಸರಿಬ್ಬರನ್ನೂ ಜಗಲಿಗೆ ಅಟ್ಟಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇನ್ನೇನು ತೊಂದರೆ ಮಾವ?"

ಕುಪ್ಪಸಾಮಿಯವರು ನೆಲ ನೋಡಿದರು.

"ಒಂದು ವರ್ಷದಿಂದ ತಡೆಯಕ್ಕೆ ಆಗ್ತಿಲ್ಲ ಅಮ್ಮಿಣಿ, ತಾಯೀ. ಮತ್ತೆ ಮತ್ತೆ ಏಳ್ಬೇಕು. ಎರಡು ಸಲ ಉಟ್ಟ ವೇಷ್ಟಿ ಒದ್ದೆ ಆಯ್ತು. ಸೊಸೆ ಇರೋ ಮನೆ. ಯಾರ ಹತ್ರ ಹೇಳ್ಲಿ? ಅದಕ್ಕೆ ಊಟದ ಜೊತೆ ಕುಡೀತಿದ್ದ ನೀರೂ ಬಿಟ್ಟೆ."

ಹೇಳುತ್ತಾ ಅವರ ಕಣ್ಣು ತುಂಬಿತು. ಕೃತ್ತಿಕಾಳಿಗೂ ಸಂಕಟವಾಯಿತು. ಒಂದು ವರ್ಷ ಈ ಹಿರಿಯರು ಬಾಯಾರಿಕೆಯಲ್ಲಿ ಕುಳಿತು ಮಾನ ಕಾಪಾಡಿಕೊಂಡಿದ್ದರು.

"ಇದು ಮಾನ ಹೋಗೋ ವಿಷಯ ಅಲ್ಲ ಮಾವ, ಕಾಯಿಲೆ. ಎಷ್ಟೋ ಗಂಡಸರಿಗೆ ವಯಸ್ಸಾದ ಮೇಲೆ ಹೀಗೆ ಆಗುತ್ತೆ. ಕಾರಣ ಏನು ಅಂತ ಡಾಕ್ಟರ್ ನೋಡಿ ಹೇಳ್ತಾರೆ. ಇದಕ್ಕೆ ಔಷಧಿ ಇದೆ."

ಅವರ ಒಪ್ಪಿಗೆ ಪಡೆದು ಸೆಂದಿಲ್‌ನನ್ನು ಒಳಗೆ ಕರೆದಳು. ಎಲ್ಲವನ್ನೂ ಕೇಳಿದ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ. "ನೀರು ಕುಡಿದ್ರೆ ಬೀಳೋದು ನಿಲ್ಲುತ್ತಾ? ಗುಂಡಿ ಮುಚ್ಚಿದ್ರೆ ಒಂದೇ ದಿನಕ್ಕೆ ಮುಗೀತು."

"ಗುಂಡಿ ಮುಚ್ಚಬಹುದು ಅಣ್ಣ. ಮಂಚದಿಂದ ಎದ್ದಾಗ ಬಿದ್ರೆ ಮಂಚ ಒಡೀತೀರಾ? ನೀರೊಂದೇ ಅಲ್ಲ, ಮಾವ ದಿನಾ ತಗೊಳ್ಳೋ ಬಿಪಿ ಮಾತ್ರೆಯ ಅಳತೆಯೂ ನೋಡ್ಬೇಕು. ಆದ್ರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಕೆಲಸ ಬಿಡಿಸಿ ಕೂರಿಸಿದ್ರೆ ಮಾವನ ಕಾಲಿನ ಬಲ ಹೋಗುತ್ತೆ, ಮನಸ್ಸೂ ಕುಗ್ಗುತ್ತೆ. ನಾಳೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಲ್ಲಿ ಮಾವನೇ ಮಾತಾಡ್ಲಿ. ನೀವು ಬಾಯಿ ಮುಚ್ಚಿ ಕೂತಿರಿ."

ಜಗಲಿಯಲ್ಲಿ ವೇಲುಸಾಮಿ ಗಟ್ಟಿಯಾಗಿ ನಕ್ಕ.

ಮರುದಿನ ಡಾಕ್ಟರಮ್ಮ "ಏನಾಗುತ್ತೆ?" ಎಂದು ಕೇಳಿದಾಗ ಸೆಂದಿಲ್ ಅಭ್ಯಾಸಬಲದಿಂದ ಬಾಯಿ ತೆರೆದ. ಕುಪ್ಪಸಾಮಿಯವರು ಅವನ ತೊಡೆಯ ಮೇಲೆ ಕೈಯಿಟ್ಟು, ತಾವೇ ಎಲ್ಲವನ್ನೂ ಹೇಳಿದರು. ಪರೀಕ್ಷೆಗಳಾದವು. ಮೂತ್ರದ ತೊಂದರೆಗೆ ಚಿಕಿತ್ಸೆ ಶುರುವಾಯಿತು, ಬಿಪಿ ಮಾತ್ರೆಯ ಅಳತೆ ಬದಲಾಯಿತು. ದಿನಕ್ಕೆ ಎಷ್ಟು ನೀರು ಎಂದೂ ಡಾಕ್ಟರಮ್ಮ ಗೊತ್ತುಮಾಡಿದರು.

ವೇಲುಸಾಮಿಯ ಸಿಮೆಂಟು ದಂಡವಾಗಲಿಲ್ಲ. ಗುಂಡಿಯ ಒಳಗೆ ಒಂದು ಮೆಟ್ಟಿಲಾಯಿತು. ಪಕ್ಕದ ಗೋಡೆಗೂ ಬಚ್ಚಲಿಗೂ ಹಿಡಿದು ಏಳಲು ಕಬ್ಬಿಣದ ಪೈಪು ಬಂತು. ಗಂಟೆಗೊಂದು ಸಲ ಅಂಗಮ್ಮ ನೀರಿನ ಲೋಟ ತಂದು, ಖಾಲಿಯಾಗುವ ತನಕ ಪಕ್ಕದಲ್ಲೇ ನಿಲ್ಲುತ್ತಾರೆ. ಕುಪ್ಪಸಾಮಿಯವರು ಈಗ ಧಡಕ್ಕನೆ ಏಳುವುದಿಲ್ಲ. ಗುಂಡಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಕಾಲು ಆಡಿಸಿ, ಆಮೇಲೆ ಪೈಪು ಹಿಡಿದು ಏಳುತ್ತಾರೆ. ಮೂರು ತಿಂಗಳಾಯಿತು, ಒಂದು ಸಲವೂ ಬಿದ್ದಿಲ್ಲ.

ಮೊನ್ನೆ ಸೆಂದಿಲ್ ಮಗ್ಗದ ಪಕ್ಕ ಬಂದು ಕುಳಿತ. "ಅಪ್ಪಾ, ನಾನು ನಿನ್ನನ್ನ ಕೇಳ್ಬೇಕಿತ್ತು."

"ನಾನೂ ಹೇಳ್ಬೇಕಿತ್ತು ಬಿಡು," ಎಂದು ಅಪ್ಪ ಲಾಳಿ ಎಸೆದರು.

ನಿಮ್ಮ ಮನೆಯಲ್ಲೂ ಅಪ್ಪನೋ ಅವ್ವನೋ ಇದ್ದಾರಲ್ಲವೇ? ಅವರು ಎದ್ದಾಗ ತಲೆ ಸುತ್ತಿದರೆ, ನೀರು ಬೇಡ ಎಂದರೆ, ಒಂದೇ ಒಂದು ಸಲ ಬಿದ್ದಿದ್ದರೂ ಸರಿ, "ವಯಸ್ಸಾಯ್ತು" ಎಂದು ಬಿಡಬೇಡಿ. ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ, ನಿಂತಾಗಲೂ ಬಿಪಿ ನೋಡಿಸಿ. ಆಸ್ಪತ್ರೆಯಲ್ಲಿ ಅವರ ಮಾತು ಮುಗಿಯುವ ತನಕ ಕಾಯಿರಿ. ಹಿರಿಯರೇ, ನಿಮಗೂ ಒಂದು ಮಾತು: ಹೇಳಲು ನಾಚಿಕೆಯಾಗುವ ತೊಂದರೆ ಇದ್ದರೆ ಅದನ್ನೇ ಮೊದಲು ಹೇಳಿ. ಮಕ್ಕಳೇ, ಇವತ್ತು ಸಂಜೆ ಅಪ್ಪ ಅವ್ವನ ಪಕ್ಕ ಕುಳಿತು, ಟಿವಿ ಆರಿಸಿ ಕೇಳಿ: "ನಿಜ ಹೇಳು, ಏನಾಗ್ತಿದೆ?"