ಬಲಗಡೆ ಕಾಣಬೇಕಾದರೆ

ತನ್ನ ದನಿ ತನಗೇ ಸರಿಯಾಗಿ ಕೇಳಿಸುವುದಿಲ್ಲ, ಇನ್ನು ರೋಗಿಗಳಿಗೆ ಹೇಗೆ ಕೇಳಿಸೀತು? ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆಯ ದೀಪ ಆರಿಸುವಾಗಲೆಲ್ಲ ಅವಳು ತನ್ನೊಳಗೇ ಒಪ್ಪಿಕೊಳ್ಳುತ್ತಿದ್ದ ಚಿಂತೆ ಇದು. ಪದವಿ ಮುಗಿಸಿ ಈ ಆಸ್ಪತ್ರೆಗೆ ಎಕೋ ತಂತ್ರಜ್ಞೆಯಾಗಿ ಸೇರಿದ ಹೊಸದರಲ್ಲಿ, "ಉಸಿರು ಹಿಡ್ಕೊಳ್ಳಿ" ಅಂದದ್ದು ಒಬ್ಬ ದರ್ಜಿಗೆ ಹೇಗೋ ಕೇಳಿಸಿತ್ತು. "ಸಾಕು, ಬಿಡಿ" ಅಂದದ್ದು ಕೇಳಿಸಿರಲಿಲ್ಲ. ಪಾಪ, ಹೇಳಿದ ಮಾತು ಮೀರದ ಮನುಷ್ಯ. ಮುಖ ಬದನೆಕಾಯಿಯಾಗುವವರೆಗೂ ಹಿಡಿದುಕೊಂಡೇ ಇದ್ದ. ಅಂದಿನಿಂದ ವಿಭಾಗದಲ್ಲೆಲ್ಲ ಅವಳಿಗೆ 'ಮ್ಯೂಟ್' ಎಂದೇ ಹೆಸರು.

ಇವತ್ತು ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದವಳು ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ. ಕಾಲು ಊದಿಕೊಂಡು ಚಪ್ಪಲಿಯೊಳಗೆ ತೂರುತ್ತಿರಲಿಲ್ಲ. ಹೃದಯದ ಬಲಭಾಗ ಸೋತಿದೆಯೇ ಎಂದು ನೋಡಬೇಕಿತ್ತು. ಆ ಬಲಭಾಗವೋ ಮಹಾ ನಾಚಿಕೆಯದು. ಎದೆಮೂಳೆಯ ಹಿಂದೆ ಅವಿತು ಕೂತಿರುತ್ತದೆ, ಸಾಲದ್ದಕ್ಕೆ ಶ್ವಾಸಕೋಶವನ್ನು ಸೆರಗಿನಂತೆ ಮುಂದಕ್ಕೆಳೆದುಕೊಂಡಿರುತ್ತದೆ. ರೋಗಿ ಉಸಿರನ್ನು ಪೂರ್ತಿ ಹೊರಬಿಟ್ಟು ಒಂದು ಗಳಿಗೆ ತೆಪ್ಪಗಿದ್ದರೆ ಮಾತ್ರ ಸೆರಗು ಸರಿದು ಮುಖ ಕಾಣುವುದು.

ದೊಡ್ಡಮ್ಮ ತೆಪ್ಪಗಿರುವುದುಂಟೆ! ಅವಳ ಬಾಯಿಂದ ಉಸಿರು ಒಂಟಿಯಾಗಿ ಹೊರಬಂದದ್ದನ್ನು ಕಂಡವರಿಲ್ಲ. ಜೊತೆಗೆ ಮಾತೊಂದು ಇದ್ದೇ ಇರುತ್ತಿತ್ತು.

"ಇದೇನೇ ಇಷ್ಟು ತಣ್ಣಗಿದೆ? ಅಂಟು ಹಚ್ಚಿ ಗೋಡೆಗೆ ಮೆತ್ತಿಬಿಡ್ತೀಯಾ ನನ್ನ?"

"ಜೆಲ್ ದೊಡ್ಡಮ್ಮ. ಉಸಿರು ಬಿಟ್ಟು ಸುಮ್ನಿರು..."

"ಬಿಟ್ಟೆ. ನೋಡು, ಬಿಟ್ಟಿದೀನಿ. ಇನ್ನೂ ಬಿಟ್ಕೊಂಡೇ ಇದೀನಿ. ಕಾಣ್ತಾ?"

ಯಂತ್ರದ ತೆರೆಯ ಮೇಲೆ ಬೂದುಬಣ್ಣದ ಮಂಜು. ಅವಳು ಕೈಲಿದ್ದ ಸ್ಕ್ಯಾನಿಂಗ್ ಪ್ರೋಬನ್ನು ಪಕ್ಕೆಲುಬಿನ ಸಂದಿಗೆ ಸರಿಸಿದಳು, ಓರೆ ಮಾಡಿದಳು, ಹೊಟ್ಟೆಯ ಮೇಲ್ಭಾಗಕ್ಕೂ ಒಯ್ದಳು. ಎಲ್ಲಿ ಹೋದರೂ ಅದೇ ಮಂಜು.

"ಮನಸ್ಸಲ್ಲೇ ಐದರ ತನಕ ಎಣಿಸು."

"ಒಂದು," ಎಂದಳು ದೊಡ್ಡಮ್ಮ ಗಟ್ಟಿಯಾಗಿ. "ಎರಡು. ಹೊರಗೆ ಬೆಂಚಿನ ಮೇಲೆ ಒಬ್ಬ ಇದಾನಲ್ಲ, ಹಾಲಿನ ಡಿಪೋದವನಂತೆ, ಅವನ ಸೊಸೆಗೆ..."

ಬಾಗಿಲು ತೆರೆದು ವೈದ್ಯರು ಇಣುಕಿದರು. "ಬಲಗಡೆ ಸಿಕ್ತೇನಮ್ಮಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಸಿಗಲಿಲ್ಲಾಂದ್ರೆ ಎಂಆರ್‌ಐ ಬರೀತೀನಿ. ಅದ್ರಲ್ಲಿ ಚೆನ್ನಾಗಿ ಕಾಣುತ್ತೆ."

"ಆ ಕೊಳವೆಯೊಳಗೆ ತೂರಿಸೋದಾ?" ದೊಡ್ಡಮ್ಮ ಅರ್ಧ ಎದ್ದೇಬಿಟ್ಟಳು. "ಒಳಗೆ ಮಾತಾಡೋಕೆ ಯಾರಿರ್ತಾರೆ?"

"ಅಲ್ಲೂ ಮಾತಾಡೋ ಹಾಗಿಲ್ಲ ತಾಯಿ. ಅಲ್ಲಂತೂ ಮತ್ತೆ ಮತ್ತೆ ಉಸಿರು ಹಿಡೀಬೇಕು."

"ಹಾಗಾದ್ರೆ ನನ್ನ ಕಾಲು, ನನ್ನ ಊತ. ನಾನು ಮನೆಗೆ ಹೋಗ್ತೀನಿ ಡಾಕ್ಟ್ರೇ."

ವೈದ್ಯರು ನಕ್ಕು ಹೋದರು. ಅವಳಿಗೆ ನಗು ಬರಲಿಲ್ಲ. ದೊಡ್ಡಮ್ಮ ಹೋಗ್ತೀನಿ ಅಂದರೆ ಹೋಗುವವಳೇ. ಒಮ್ಮೆ ಹೋದಳೋ, ಈ ಮಂಚಕ್ಕೆ ಅವಳನ್ನು ಮತ್ತೆ ಹತ್ತಿಸಲು ಯಾರಿಂದಲೂ ಆಗದು. ಅಷ್ಟರಲ್ಲಿ ಅವಳ ಕಾಲುಗಳು ಮಂಚದಿಂದ ಕೆಳಗಿಳಿಯತೊಡಗಿದ್ದವು. ಕಣಕಾಲಿನ ಸುತ್ತ ಕಾಲ್ಚೀಲದ ಅಂಚು ಒತ್ತಿದ ಗುರುತು ಹಳ್ಳದಂತೆ ಬಿದ್ದಿತ್ತು.

"ಮಲಕ್ಕೋ ದೊಡ್ಡಮ್ಮ. ಇನ್ನೊಂದೇ ಒಂದ್ಸಲ."

"ಇನ್ನೊಂದ್ಸಲ ಅಂತ ಎಷ್ಟು ಸಲ? ನಿಂಗೆ ಕೆಲಸ ಬರಲ್ಲಾಂದ್ರೆ ಹೇಳ್ಬಿಡು, ನಾನೇನು ಬೈಯಲ್ಲ. ಚಿಕ್ಕೋಳಿದ್ದಾಗ್ಲೂ ಹೀಗೇ, ಹೊಟ್ಟೆನೋವು ಬಂದ್ರೆ ಎರಡು ದಿನ ಆದ್ಮೇಲೆ ಹೇಳ್ತಿದ್ದೆ. ನನಗೇನೂ ಆಗಿಲ್ಲ ಕಣೇ, ನಡೆದೂ ನಡೆದೂ ಊದಿದೆ ಅಷ್ಟೇ, ಈ ಕಾಲಿಗೆ..."

ಗೊಣಗುತ್ತಲೇ ದೊಡ್ಡಮ್ಮ ಮತ್ತೆ ಮಗ್ಗುಲಾದಳು. ಅವಳು ಪ್ರೋಬ್ ಒತ್ತಿ ಹಿಡಿದಳು. ಮಂಚದ ಅಂಚನ್ನು ಬಿಗಿಹಿಡಿದಿದ್ದ ದೊಡ್ಡಮ್ಮನ ಕೈ ಅವಳ ಮೊಣಕೈಗೆ ತಗುಲಿತು. ಜೆಲ್‌ಗಿಂತ ತಣ್ಣಗಿತ್ತು ಆ ಕೈ. ಮಾತು ಮಾತ್ರ ನಿಂತಿರಲಿಲ್ಲ: ಕಾಲು, ಚಪ್ಪಲಿ, ಚಪ್ಪಲಿ ಅಂಗಡಿಯವನ ಅಹಂಕಾರ.

"ದೊಡ್ಡಮ್ಮ!"

ಅವಳ ಕೂಗು ಕಾರಿಡಾರಿನ ಬೆಂಚಿಗೂ ಕೇಳಿಸಿರಬೇಕು. ಅಲ್ಲಿ ನರ್ಸ್ ಒಬ್ಬಳು "ನಮ್ಮ ಮ್ಯೂಟ್ ದನೀನಾ ಇದು?" ಅಂದದ್ದೂ ಕೇಳಿಸಿತು.

"ನೀನು ಸತ್ತುಹೋಗ್ತೀಯೇನೋ ಅಂತ ನಂಗೆ ತುಂಬಾ ಭಯ ಆಗ್ತಿದೆ."

ದೊಡ್ಡಮ್ಮನ ಬಾಯಿ ತೆರೆಯಿತು. ಉಸಿರು ಹೊರಬಂತು, ಒಂಟಿಯಾಗಿ. ತೆರೆಯ ಮೇಲಿನ ಮಂಜು ಸರಿದು, ಕೊಂಚ ಉಬ್ಬಿದ್ದರೂ ಬಿಡದೆ ಬಡಿದುಕೊಳ್ಳುತ್ತಿದ್ದ ಹೃದಯದ ಬಲಗಡೆಯ ಕೋಣೆ ಮೆಲ್ಲಗೆ ಮುಖ ತೋರಿಸಿತು.