ಅರೆಗಳಿಗೆ ತಡ

ರೋಷೆಲ್ ತನ್ನ ಹೊಸ ಆಲ್ಬಮ್‌ನ ಕೊನೆಯ ಹಾಡನ್ನು ಇಬ್ಬರು ಹಾಡುವಂತೆ ಬರೆದಿದ್ದಾಳೆ ಎಂದು ತಿಳಿದಾಗ, ಎರಡನೆಯ ದನಿ ತನ್ನದೇ ಎಂದು ಮಾರ್ವಾ ನಂಬಿಬಿಟ್ಟಳು. ನಂಬದೆ ಇನ್ನೇನು? ತಮ್ಮ ಬಡಾವಣೆ ಪೆಕಮ್‌ನ ಚರ್ಚಿನಲ್ಲಿ ಹಾಲುಹಲ್ಲು ಬೀಳುವ ವಯಸ್ಸಿನಿಂದ ಇಬ್ಬರೂ ಪಕ್ಕಪಕ್ಕ ನಿಂತು ಹಾಡಿದವರು. ರೋಷೆಲ್‌ಗೆ ಹೆಸರು ಬಂದ ಮೇಲೂ ಅವಳ ಬೆನ್ನ ಹಿಂದೆ ‘ಊ’ ಎಂದು ದನಿಗೂಡಿಸುತ್ತಿದ್ದವಳು ಮಾರ್ವಾಳೇ.

ಡೆಪ್ಟ್‌ಫರ್ಡ್‌ನ ರೈಲು ಸೇತುವೆಯ ಕಮಾನಿನ ಕೆಳಗಿನ ಸ್ಟುಡಿಯೋಗೆ ಅವಳು ಖಾರದ ಹೂರಣ ತುಂಬಿದ ಬಿಸಿ ಪ್ಯಾಟಿಗಳ ಪೊಟ್ಟಣ ಹಿಡಿದು ಬಂದರೆ, ಸೋಫಾದಲ್ಲಿ ಕೆಶಿಯಾ ಎಂಬ ಇಪ್ಪತ್ತರ ಹುಡುಗಿ ಕಾಲು ಮಡಚಿ ಕುಳಿತಿದ್ದಳು.

“ಹಲೋ ಆಂಟಿ!”

ಆಂಟಿಯಂತೆ! ಮಾರ್ವಾಗೂ ರೋಷೆಲ್‌ಗೂ ಒಂದೇ ವಯಸ್ಸು. ಆದರೆ ರೋಷೆಲ್‌ಳನ್ನು ಈ ಹುಡುಗಿ ‘ರೋ’ ಅನ್ನುತ್ತಿದ್ದಳು.

“ನನ್ನ ಜೊತೆ ಹಾಡೋದು ಇವಳೇ ಕಣೆ,” ಎಂದಳು ರೋಷೆಲ್, ಪ್ಯಾಟಿ ಮುರಿಯುತ್ತ. “ನೀನೊಂದು ಗೈಡ್ ಹಾಡಿಕೊಟ್ಬಿಡು. ಕೇಳ್ಕೊಂಡು ಕಲೀತಾಳೆ.”

ಗೈಡ್ ಎಂದರೆ ದಾರಿ ತೋರಿಸಲು ಹಾಡಿಡುವುದು. ಅಸಲಿ ದನಿ ಬಂದ ಮೇಲೆ ಅದನ್ನು ಅಳಿಸಿಬಿಡುತ್ತಾರೆ.

“ನಾನೇ ಹಾಡಿದ್ರೆ ಕಲಿಸೋ ಕೆಲಸಾನೇ ಇರಲ್ವಲ್ಲ?”

“ನಮ್ಮಿಬ್ಬರ ದನಿ ಬೆರೆತ್ರೆ ಯಾವುದು ಯಾರದ್ದು ಅಂತ ನಮ್ಮಮ್ಮಂಗೇ ಗೊತ್ತಾಗಲ್ಲ. ಈ ಹಾಡಲ್ಲಿ ಜಗಳ ಇದೆ ಕಣೆ, ಬೇರೆ ದನಿ ಬೇಕು.”

ಮಾರ್ವಾ ಹೆಡ್‌ಫೋನ್ ಹಾಕಿಕೊಂಡಳು. ಗಾಜಿನಾಚೆ ಕೆಶಿಯಾ ಇವಳು ತಂದ ಪ್ಯಾಟಿಯನ್ನೇ ತಿನ್ನುತ್ತಿದ್ದಳು. ಇದನ್ನು ಕೇಳಿ ಆ ಹುಡುಗಿ ಹಾಡಲಿ ನೋಡೋಣ ಎಂದುಕೊಂಡ ಮಾರ್ವಾ, ಪಲ್ಲವಿಯ ಪ್ರತಿ ಸಾಲನ್ನೂ ಅರೆಗಳಿಗೆ ತಡವಾಗಿ ಎತ್ತಿಕೊಂಡಳು. ಚರ್ಚಿನ ಹಿರಿಯ ಹೆಂಗಸರ ವರಸೆ ಅದು. ತಾಳ ಮುಂದೆ ಹೋದ ಮೇಲೆ ಅವಸರವಿಲ್ಲದೆ ಹಿಂದಿನಿಂದ ಬಂದು ಕೂಡಿಕೊಳ್ಳುವುದು. ಅಭ್ಯಾಸವಿಲ್ಲದವರು ಎಡವಲೇಬೇಕು. ಧ್ವನಿಮುದ್ರಣ ಮಾಡುವ ಡೆನ್‌ಝಿಲ್ ಹುಬ್ಬೇರಿಸಿದ. ಹೇಗೂ ಅಳಿಸುವುದು ತಾನೇ ಎಂದು ಮುದ್ರಣ ಮುಂದುವರಿಸಿದ.

ಕೆಶಿಯಾ ಮಧ್ಯಾಹ್ನವೆಲ್ಲ ಎಡವಿದಳು. ಮಾರ್ವಾ ಚಹಾ ಕಲಕುತ್ತ ನೋಡಿದಳು.

“ಕಷ್ಟ ಆಗ್ತಿದೆಯೇನಮ್ಮಾ?”

“ಪರವಾಗಿಲ್ಲ ಆಂಟಿ, ಇನ್ನೊಂದ್ಸಲ.”

ತಲೆಯ ಮೇಲೆ ರೈಲು ದಾಟಿಹೋಗುವವರೆಗೆ ಕಾದು ಹುಡುಗಿ ಮತ್ತೆ ಹಾಡಿದಳು. ಈ ಸಲ ತಡ ಸರಿಯಾಗಿ ಕೂತಿತು. ಜಗಳವಾಡಿ ಬಾಗಿಲವರೆಗೆ ಹೋದವಳು ತಿರುಗಿ ನಿಂತು ಉತ್ತರ ಕೊಟ್ಟ ಹಾಗೆ! ಡೆನ್‌ಝಿಲ್‌ನ ಕುರ್ಚಿಯ ಕಿರುಗುಟ್ಟುವಿಕೆಯೂ ನಿಂತಿತು.

“ಎಲ್ಲಿ ಕಲಿತೆ ಇದನ್ನ?” ಎಂದಳು ರೋಷೆಲ್, ಕಣ್ಣೊರೆಸಿಕೊಳ್ಳುತ್ತ.

“ಗೈಡ್‌ನಲ್ಲೇ ಇತ್ತಲ್ಲ ರೋ. ಆಂಟಿದು.”

ರೋಷೆಲ್ ಕೂಡ ಅದೇ ಚರ್ಚಿನವಳು, ಆ ವರಸೆಯ ಗುರುತು ಹತ್ತಿತು. ಗೆಳತಿಯ ಕಿವಿಯ ಹತ್ತಿರ ಬಂದಳು. “ಅವಳು ಎಡವಲಿ ಅಂತ ಮಾಡಿದ್ಯಾ?”

“ಹೂಂ.”

“ಪಾಪಿ! ಇಡೀ ಆಲ್ಬಮ್‌ನಲ್ಲಿ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಹೀಗೇ ಇಟ್ಕೋತೀನಿ.”

“ಹಾಗಾದ್ರೆ ಗೈಡ್ ಅಳಿಸ್ಲಾ?” ಡೆನ್‌ಝಿಲ್ ಕೇಳಿದ.

“ಅಳಿಸಪ್ಪಾ,” ಎಂದಳು ಮಾರ್ವಾ.

ಆಮೇಲೆ ಹಿನ್ನೆಲೆಯ ‘ಊ’ ಹಾಡಲು ಒಳಗೆ ಹೋದಳು. ಕೆಶಿಯಾಳ ದನಿಯ ಜೊತೆಗೇ ಎತ್ತಿಕೊಳ್ಳಬೇಕು, ಅಷ್ಟೇ ತಡವಾಗಿ. ತನ್ನದೇ ತಡ. ಆದರೂ ಪ್ರತಿ ಸಲ ಮುಂಚೆಯೇ ನುಗ್ಗಿದಳು. ಹೊಟ್ಟೆಕಿಚ್ಚು ಕಾಯಲು ಬಿಡುತ್ತಿರಲಿಲ್ಲ.

ಕೆಶಿಯಾ ಒಳಗೆ ಬಂದು ಎದುರು ನಿಂತು ಬೆರಳೆತ್ತಿದಳು.

“ತಡೀರಿ ಆಂಟಿ... ತಡೀರಿ... ಹಾಂ, ಈಗ.”

ಮಾರ್ವಾ ಆ ಬೆರಳನ್ನೇ ದುರುಗುಟ್ಟಿ ನೋಡುತ್ತ ಹಾಡಿದಳು. ಸರಿಯಾಗಿ ಬಂತು.